ಸಂಘ ಕಟ್ಟಿದಾಗ ನಿಮ್ಮ ವಯಸ್ಸು ಎಷ್ಟಿತ್ತು?

ಪ್ರಶ್ನೆ: ನಮ್ಮದು ಪುಣೆಯ ಪಕ್ಕದ ಪಿಂಪ್ರಿ-ಚಿಂಚವಾಡದಲ್ಲಿ ಕನ್ನಡಿಗ ಇಂಜಿನಿಯರುಗಳು ಸೇರಿ 1986ರಲ್ಲಿ ಕಟ್ಟಿದ ಸಂಘ. ನನಗೆ ಈಗ 64. ಪುಸ್ತಕದಲ್ಲಿ 400ಕ್ಕೂ ಹೆಚ್ಚು ಆಜೀವ ಸದಸ್ಯರಿದ್ದಾರೆ. ಸಭೆಗೆ ಬರುವವರು 40 ಜನ. ಅದರಲ್ಲಿ 35 ದಾಟದವರು ನಾಲ್ಕೈದು ಮಂದಿ ಅಷ್ಟೇ. ಐಟಿ ಕಂಪನಿಗಳ ಹಿಂಜವಡಿ, ಖರಾಡಿ, ಕಾರ್ಖಾನೆಗಳ ಚಾಕಣದಲ್ಲಿ ಎಲ್ಲಿ ನೋಡಿದರೂ ನಮ್ಮ ಹುಡುಗ ಹುಡುಗಿಯರು. ಆದರೆ ಸಂಘದ ಕಡೆ ಬರುವುದಿಲ್ಲ. ಫೇಸ್‌ಬುಕ್ ಪೇಜ್ ಮಾಡಿದೆವು. ಕ್ರಿಕೆಟ್ ಪಂದ್ಯ ಇಟ್ಟೆವು. ಯುವ ಘಟಕ ಮಾಡಿದೆವು, ಒಂದೇ ವರ್ಷಕ್ಕೆ ನಿಂತುಹೋಯಿತು. ಈಗಿನವರಿಗೆ ಸಂಘವೇ ಬೇಡವೇ? ನಾವೇನು ಮಾಡಬೇಕು?
– ಕಾರ್ಯದರ್ಶಿ, ಚಿಂಚವಾಡ

ಉತ್ತರ: ನಿಮ್ಮ ಪತ್ರವನ್ನು ಎರಡು ಸಲ ಓದಿದೆ. ಜೊತೆಗೆ ಕಳಿಸಿದ ನಿಯಮಾವಳಿ, ಸದಸ್ಯತ್ವದ ಅರ್ಜಿ, ಕಳೆದ ವರ್ಷದ ಕಾರ್ಯಕ್ರಮಗಳ ಪಟ್ಟಿ ಮೂರನ್ನೂ ನೋಡಿದೆ. ಮೊದಲು ಆ ಒಂದು ಅನುಮಾನ ತೆಗೆದುಬಿಡೋಣ. ಈಗಿನವರಿಗೆ ಸಂಘ ಬೇಕು. ಅವರು ತಮಗೆ ಬೇಕಾದ ಹಾಗೆ ಕಟ್ಟಿಕೊಂಡೂ ಇದ್ದಾರೆ. ವಾಕಡ್‌ನ ಒಂದು ಫ್ಲ್ಯಾಟ್‌ನಲ್ಲಿ ಒಂದೇ ಕಾಲೇಜಿನ ನಾಲ್ವರು ಇರುತ್ತಾರೆ. ಅವರ ಫೋನಿನಲ್ಲಿ ಕೆಲಸದ ರೆಫರಲ್‌ಗೆ ಒಂದು ಗ್ರೂಪು, ರೂಮು ಹುಡುಕಲು ಇನ್ನೊಂದು, ಭಾನುವಾರ ರಾಜಗಡ ಕೋಟೆ ಹತ್ತಲು ಮತ್ತೊಂದು. ಅಧ್ಯಕ್ಷರಿಲ್ಲ, ಲೆಟರ್‌ಹೆಡ್ ಇಲ್ಲ. ಆದರೂ ಒಬ್ಬನ ಕೆಲಸ ಹೋದರೆ ಅದೇ ರಾತ್ರಿ ಹತ್ತು ಜನ ಅವನ ರೆಸ್ಯೂಮೆ ಓದುತ್ತಾರೆ. ಇದನ್ನು ಸಂಘ ಅನ್ನದೆ ಏನನ್ನಬೇಕು?

ಈಗ ನೀವು ಒಂದು ಕೆಲಸ ಮಾಡಿ. ಕಚೇರಿಯ ಬೀರುವಿನಿಂದ 1986ರ ನಡಾವಳಿ ಪುಸ್ತಕ ಹೊರತೆಗೆಯಿರಿ. ಮೊದಲ ಸಭೆಗೆ ಸಹಿ ಹಾಕಿದವರ ಹೆಸರಿನ ಮುಂದೆ ಅವರ ಆಗಿನ ವಯಸ್ಸು ಬರೆಯಿರಿ. ನಿಮಗೇ ಆಗ 25 ಇದ್ದಿರಬೇಕು. ಉಳಿದವರೂ ಅದೇ ಆಸುಪಾಸು. ಅಂದರೆ ನಿಮ್ಮದು ಹುಟ್ಟಿದ್ದೇ ಯುವಕರ ಸಂಘವಾಗಿ. ಯಾರೂ ನಿಮ್ಮನ್ನು ಯುವ ಘಟಕ ಅನ್ನಲಿಲ್ಲ, ಯಾಕೆಂದರೆ ಇಡೀ ಸಂಘವೇ ನೀವಾಗಿದ್ದಿರಿ.

ಆಗ ನೀವೆಲ್ಲ ಯಾಕೆ ಸೇರಿದಿರಿ? ನೀವು ಬರೆದಿಲ್ಲ, ಆದರೆ ಆ ಕಾಲದ ಬಹಳ ಜನರ ಬಾಯಲ್ಲಿ ಕೇಳಿದ್ದೇನೆ. ಭೋಸರಿಯಲ್ಲಿ ಕೆಲಸ ಸಿಕ್ಕಿತ್ತು, ಇರಲು ಜಾಗ ಇರಲಿಲ್ಲ. ಬ್ಯಾಂಕಿನಲ್ಲಿ ಖಾತೆ ತೆರೆಯಲು ಹಳೆಯ ಖಾತೆದಾರರ ಪರಿಚಯದ ಸಹಿ ಬೇಕಿತ್ತು. ಗ್ಯಾಸ್ ಸಿಲಿಂಡರಿಗೆ ವರ್ಷಗಟ್ಟಲೆ ಕಾಯಬೇಕಿತ್ತು. ಯಾವ ಕಂಪನಿಯಲ್ಲಿ ಜನ ಬೇಕಾಗಿದ್ದಾರೆ ಅನ್ನುವುದು ಪತ್ರಿಕೆಗೆ ಬರುವ ಮೊದಲು ಬಾಯಿಂದ ಬಾಯಿಗೆ ಬರುತ್ತಿತ್ತು. ಸಂಘ ಅದನ್ನೆಲ್ಲ ಕೊಟ್ಟಿತು. ಭಾನುವಾರ ಹೋಗದಿದ್ದರೆ ನಿಮಗೇ ನಷ್ಟ ಇತ್ತು.

ಆಮೇಲೆ ನಿಮಗೆ ಮನೆಯಾಯಿತು, ಮಕ್ಕಳಾದರು, ಬಡ್ತಿ ಸಿಕ್ಕಿತು. ಸಂಘವೂ ನಿಮ್ಮ ಜೊತೆಗೇ ಬೆಳೆಯಿತು. ಕಳೆದ ವರ್ಷದ ನಿಮ್ಮ ಪಟ್ಟಿಯಲ್ಲಿ ಆರೋಗ್ಯ ತಪಾಸಣೆ ಇದೆ, ಪಂಢರಪುರ ಯಾತ್ರೆ ಇದೆ, ನಿವೃತ್ತರ ಸನ್ಮಾನ ಇದೆ, ಉಯಿಲು ಬರೆಯುವುದು ಹೇಗೆ ಅನ್ನುವ ಉಪನ್ಯಾಸ ಇದೆ. ಎಲ್ಲವೂ ಒಳ್ಳೆಯವೇ. 60 ದಾಟಿದವರಿಗೆ ಬೇಕಾದವೇ. ಅವನ್ನು ನಿಲ್ಲಿಸಿ ಅಂತ ನಾನು ಖಂಡಿತ ಹೇಳುವುದಿಲ್ಲ. ಆದರೆ 24 ವರ್ಷದ ಒಬ್ಬ ಟ್ರೇನಿ ಆ ಪಟ್ಟಿ ನೋಡಿದರೆ ಅವನಿಗೆ ಬರಲು ಒಂದೂ ಕಾರಣ ಸಿಗುವುದಿಲ್ಲ. ಪೋಸ್ಟರಿನ ಬಣ್ಣ ಬದಲಾಯಿಸಿದರೆ, ಇನ್‌ಸ್ಟಾಗ್ರಾಮಿಗೆ ಹಾಕಿದರೆ ಆ ಕಾರಣ ಹುಟ್ಟುವುದೂ ಇಲ್ಲ.

ಹಾಗಾದರೆ ಅವರಿಗೆ ಏನು ಬೇಕು? ಇದನ್ನು ಸಮಿತಿಯಲ್ಲಿ ಕೂತು ಊಹಿಸಬೇಡಿ. ಗೂಗಲ್ ಫಾರ್ಮನ್ನೂ ಕಳಿಸಬೇಡಿ. ಎಂಟು ಹತ್ತು ಜನರನ್ನು ಬೇರೆ ಬೇರೆಯಾಗಿ ಚಹಾಕ್ಕೆ ಕರೆಯಿರಿ. ಸದಸ್ಯತ್ವದ ಮಾತೇ ಎತ್ತಬೇಡಿ. ಒಂದೇ ಪ್ರಶ್ನೆ ಕೇಳಿ: ಕಳೆದ ಎರಡು ತಿಂಗಳಲ್ಲಿ ಕೆಲಸದ ವಿಷಯಕ್ಕೆ ಯಾರನ್ನು ಕೇಳಬೇಕು ಅಂತ ಗೊತ್ತಾಗದೆ ಒದ್ದಾಡಿದ್ದು ಯಾವುದಕ್ಕೆ? ಕೇಳಿ ಸುಮ್ಮನಿರಿ. ನಮ್ಮ ಕಾಲದಲ್ಲಿ ಹೀಗಿತ್ತು ಅಂತ ಹೇಳಬೇಕು ಅನಿಸುತ್ತದೆ, ತಡೆದುಕೊಳ್ಳಿ.

ನಾನು ಇದೇ ಪ್ರಶ್ನೆಯನ್ನು ಪುಣೆಯಲ್ಲಿ ಬಹಳ ಜನರಿಗೆ ಕೇಳಿದ್ದೇನೆ. ಬಂದ ಉತ್ತರಗಳಲ್ಲಿ ಕೆಲವು ಹೇಳುತ್ತೇನೆ. ಸೇರುವಾಗ ಎರಡು ವರ್ಷದ ಬಾಂಡ್‌ಗೆ ಸಹಿ ಹಾಕಿದ್ದೇನೆ, ಬಿಟ್ಟರೆ ನಿಜವಾಗಿ ದುಡ್ಡು ಕಟ್ಟಬೇಕಾ? ನೋಟಿಸ್ ಪೀರಿಯಡ್ 90 ದಿನ, ಹೊಸ ಕಂಪನಿ 30 ದಿನದಲ್ಲಿ ಬಾ ಅನ್ನುತ್ತದೆ, ಹೇಗೆ ಮಾತಾಡಲಿ? ಮೆಕ್ಯಾನಿಕಲ್ ಓದಿ ಸಾಫ್ಟ್‌ವೇರ್ ಟೆಸ್ಟಿಂಗ್‌ಗೆ ಬಂದೆ, ವಾಪಸ್ ಹೋಗಲು ಆಗುತ್ತಾ? ಹಳೆಯ ಕಂಪನಿಯವರು ಪಿಎಫ್‌ನಲ್ಲಿ ಕೆಲಸ ಬಿಟ್ಟ ದಿನಾಂಕ ಹಾಕಿಲ್ಲ, ದುಡ್ಡು ಸಿಕ್ಕಿಹಾಕಿಕೊಂಡಿದೆ. ಈ ಕೊನೆಯದಕ್ಕಂತೂ ದಾರಿ ಸುಲಭ ಇದೆ. ಕೆಲಸ ಬಿಟ್ಟು ಎರಡು ತಿಂಗಳಾದ ಮೇಲೆ ಉದ್ಯೋಗಿಯೇ ಪಿಎಫ್ ಸದಸ್ಯರ ವೆಬ್‌ಸೈಟಾದ ಯುಎಎನ್ ಪೋರ್ಟಲ್‌ಗೆ ಹೋಗಿ ಆ ದಿನಾಂಕ ತುಂಬಬಹುದು. ನಿಮ್ಮ ಸದಸ್ಯರಲ್ಲಿ ಎಚ್‌ಆರ್ ನೋಡಿಕೊಂಡು ನಿವೃತ್ತರಾದವರು ಇದ್ದೇ ಇರುತ್ತಾರೆ. ಹತ್ತು ನಿಮಿಷದ ಮಾತು ಅದು. ಆ ಹತ್ತು ನಿಮಿಷ ಸಿಗದೆ ಹುಡುಗರು ತಿಂಗಳುಗಟ್ಟಲೆ ಒದ್ದಾಡುತ್ತಾರೆ.

ಚಾಕಣದ ಒಂದು ಕಾರ್ಖಾನೆಯಲ್ಲಿ ಟ್ರೇನಿಯಾಗಿದ್ದ ಬಾಗಲಕೋಟೆಯ ಹುಡುಗ ಹೇಳಿದ್ದು ನನಗೆ ಇನ್ನೂ ನೆನಪಿದೆ. "ಸರ, ಆಪರೇಟರು ನಮ್ಮಪ್ಪನ ವಯಸ್ಸಿನಾವ್ರು. ಅವ್ರಿಗೆ ಕೆಲಸ ಹೆಂಗ್ ಹೇಳ್ಬೇಕು ಅಂತ ಯಾರೂ ಹೇಳ್ಕೊಡ್ಲಿಲ್ರಿ. ಮರಾಠಿನೂ ಸರಿ ಬರಂಗಿಲ್ಲ." ಇದಕ್ಕೆ ಯಾವ ಆನ್‌ಲೈನ್ ಕೋರ್ಸ್ ಇದೆ ಹೇಳಿ? ನಿಮ್ಮ ಸಂಘದಲ್ಲಿ ಇದಕ್ಕೆ ಉತ್ತರ ಗೊತ್ತಿರುವವರು ನೂರು ಜನರಾದರೂ ಇದ್ದಾರೆ. ಶಾಪ್ ಫ್ಲೋರಿನಲ್ಲಿ ಹಿರಿಯ ಆಪರೇಟರನ್ನು ಕಾಕಾ ಅಂತ ಕರೆದು, ಮರಾಠಿಯಲ್ಲಿ ತುಮ್ಹಿ (ನೀವು) ಅಂತ ಮಾತಾಡಿಸಿ, ಮೊದಲ ವಾರ ಅವರ ಪಕ್ಕ ನಿಂತು ಮಷಿನ್ ನೋಡಿದವನಿಗೆ ಆಮೇಲೆ ಕೆಲಸ ಹೇಳುವುದು ಕಷ್ಟವಾಗುವುದಿಲ್ಲ. ಇದನ್ನು ನೀವೆಲ್ಲ ಮೂವತ್ತು ವರ್ಷ ಮಾಡಿದ್ದೀರಿ. ಆದರೆ ಅದು ನಿಮ್ಮ ಹತ್ತಿರವೇ ಉಳಿದುಬಿಟ್ಟಿದೆ.

ಇಲ್ಲಿಂದಲೇ ಶುರು ಮಾಡಿ ಅನ್ನುವುದು ನನ್ನ ಸಲಹೆ. ತಿಂಗಳಿಗೆ ಒಂದು ಸಂಜೆ, ಒಂದೂವರೆ ಗಂಟೆ. ಮೇಜಿನ ಮೇಲೆ ಮುರಿದುಹೋದ ಒಂದು ವಸ್ತು ಇಡಿ. ತುಂಡಾದ ಶಾಫ್ಟ್ (ಯಂತ್ರದಲ್ಲಿ ತಿರುಗುವ ಉಕ್ಕಿನ ದಂಡ), ಹಲ್ಲು ಮುರಿದ ಗೇರ್, ಸುಟ್ಟ ಮೋಟಾರ್, ಕೆಟ್ಟ ಸರ್ಕ್ಯೂಟ್ ಬೋರ್ಡ್, ಏನಾದರೂ ಸರಿ. ಒಬ್ಬ ಹಿರಿಯರು ಇಪ್ಪತ್ತು ನಿಮಿಷ ಅದು ಹೇಗೆ ಮುರಿಯಿತು, ಕಾರಣ ಹೇಗೆ ಗೊತ್ತಾಯಿತು ಅಂತ ಹೇಳಲಿ. ಅಷ್ಟೇ. ಸ್ವಾಗತ ಭಾಷಣ ಬೇಡ, ಶಾಲು ಬೇಡ, ವಂದನಾರ್ಪಣೆ ಬೇಡ.

ಇದು ನಡೆಯುತ್ತದೆ ಅಂತ ನನಗೆ ಯಾಕೆ ನಂಬಿಕೆ ಇದೆ ಗೊತ್ತಾ? ಈಗಿನ ಹುಡುಗರು ಕಂಪ್ಯೂಟರಿನಲ್ಲಿ ಒಂದು ಶಾಫ್ಟಿನ ಮೇಲೆ ಎಲ್ಲಿ ಒತ್ತಡ ಜಾಸ್ತಿ ಅನ್ನುವುದನ್ನು ಕೆಂಪು, ಹಳದಿ, ನೀಲಿ ಬಣ್ಣದಲ್ಲಿ ದಿನಾ ನೋಡುತ್ತಾರೆ. ಆದರೆ ಮತ್ತೆ ಮತ್ತೆ ಒತ್ತಡ ಬಿದ್ದು ನಿಜವಾಗಿ ದಣಿದು ಮುರಿದ ಒಂದು ಶಾಫ್ಟನ್ನು ಕೈಯಲ್ಲಿ ಹಿಡಿದವರು ಕಡಿಮೆ. ಮುರಿದ ಮುಖವನ್ನು ಬೆಳಕಿಗೆ ಹಿಡಿದರೆ, ಬಿರುಕು ಶುರುವಾದ ಒಂದು ಬಿಂದು ಕಾಣುತ್ತದೆ. ಅಲ್ಲಿಂದ ಸುತ್ತ ಗೆರೆಗಳು ಹರಡಿರುತ್ತವೆ, ಸಮುದ್ರದ ಮರಳಿನ ಮೇಲೆ ಅಲೆ ಬಿಟ್ಟುಹೋದ ಗೆರೆಗಳ ಹಾಗೆ. ಕೊನೆಗೆ ಒಂದು ಕಡೆ ಒರಟು ಜಾಗ, ಅದು ಒಮ್ಮೆಲೇ ಪಟ್ಟಂತ ಮುರಿದ ಭಾಗ. ಬಹಳ ಸಲ ಆ ಮೊದಲ ಬಿಂದು ಕೀವೇಯ, ಅಂದರೆ ಶಾಫ್ಟಿನಲ್ಲಿ ಕೀ ಕೂರಲು ಕೊರೆದ ತೋಡಿನ, ಚೂಪು ಮೂಲೆಯಲ್ಲಿ ಸಿಗುತ್ತದೆ. ಅಲ್ಲಿ ಮೂಲೆಯನ್ನು ಸ್ವಲ್ಪ ದುಂಡಗೆ ಮಾಡಿದ್ದರೆ ಶಾಫ್ಟ್ ಇನ್ನೂ ಎಷ್ಟೋ ವರ್ಷ ತಿರುಗುತ್ತಿತ್ತು. ಇದನ್ನು ನಿಮ್ಮ ಟೂಲ್ ರೂಮಿನ ಹಿರಿಯರು ಬೆರಳಿಟ್ಟು ತೋರಿಸಿದಾಗ ಅಲ್ಲಿ ಕೂತ ಒಬ್ಬ ಹುಡುಗಿಯ ಪರದೆಯ ಮೇಲಿನ ಕೆಂಪು ಚುಕ್ಕೆಗೆ ಜೀವ ಬರುತ್ತದೆ. ಆಮೇಲೆ ಅವಳು ತನ್ನ ಲ್ಯಾಪ್‌ಟಾಪ್ ತೆಗೆದು, ಸರ್, ಇದನ್ನೇ ಮಾಡೆಲ್ ಮಾಡಿ ತೋರಿಸ್ಲಾ ಅನ್ನುತ್ತಾಳೆ. ಹಿರಿಯರು ಕುರ್ಚಿ ಹತ್ತಿರ ಎಳೆದುಕೊಳ್ಳುತ್ತಾರೆ. ನಾನು ಇದನ್ನು ಕಣ್ಣಾರೆ ನೋಡಿದ್ದೇನೆ. ಆ ಹೊತ್ತಿನಲ್ಲಿ ಯಾರು ಯಾರಿಗೆ ಕಲಿಸುತ್ತಿದ್ದಾರೆ ಅಂತ ಹೇಳುವುದು ಕಷ್ಟ.

ಒಂದು ಎಚ್ಚರಿಕೆ. ಈಗ ಕೆಲಸದಲ್ಲಿರುವ ಕಂಪನಿಯ ಡ್ರಾಯಿಂಗು, ಫೋಟೋ, ಬಿಡಿಭಾಗ ತರಬಾರದು ಅಂತ ಮೊದಲೇ ಹೇಳಿಬಿಡಿ. ಹುಡುಗರು ಗೋಪ್ಯತೆಯ ಕಾಗದಕ್ಕೆ ಸಹಿ ಹಾಕಿರುತ್ತಾರೆ. ಉತ್ಸಾಹದಲ್ಲಿ ಮರೆತರೆ ಕೆಲಸಕ್ಕೇ ಕುತ್ತು. ಭೋಸರಿಯ ಗುಜರಿ ಅಂಗಡಿಯಲ್ಲಿ ಸಿಗುವುದು ಸಾಕು.

ಇನ್ನು ಸೆಪ್ಟೆಂಬರ್ 15ರ, ಇಂಜಿನಿಯರುಗಳ ದಿನದ ಕಾರ್ಯಕ್ರಮ. ಪ್ರತಿ ವರ್ಷ ವಿಶ್ವೇಶ್ವರಯ್ಯನವರ ಫೋಟೋಗೆ ಹಾರ, ನಾಲ್ಕು ಭಾಷಣ ಅಂತ ಪಟ್ಟಿಯಲ್ಲಿದೆ. ಅವರು ಓದಿದ್ದು ಇದೇ ಪುಣೆಯಲ್ಲಿ. ಇಲ್ಲಿನ ಕಾಲೇಜ್ ಆಫ್ ಸೈನ್ಸ್‌ನಿಂದ 1883ರಲ್ಲಿ ಇಂಜಿನಿಯರಿಂಗ್ ಪರೀಕ್ಷೆಯಲ್ಲಿ ಮೊದಲಿಗರಾದರು. ಮರುವರ್ಷ ಮುಂಬೈ ಪ್ರಾಂತ್ಯದ ಲೋಕೋಪಯೋಗಿ ಇಲಾಖೆಗೆ ಸೇರಿದರು. ಅಂದರೆ ಕನ್ನಡ ನಾಡಿನ ಹುಡುಗನೊಬ್ಬ ಮನೆ ಬಿಟ್ಟು ಪುಣೆಗೆ ಬಂದು ಇಂಜಿನಿಯರ್ ಆದ ಕಥೆ ಅದು. ನಿಮ್ಮ ಟ್ರೇನಿಗಳ ಕಥೆಯೂ ಅದೇ ಅಲ್ವಾ? ನೀರು ಪೂರ್ತಿ ಮಟ್ಟಕ್ಕೆ ಏರಿದಾಗ ತಾನೇ ತೆರೆದುಕೊಂಡು, ಇಳಿದಾಗ ತಾನೇ ಮುಚ್ಚಿಕೊಳ್ಳುವ ಅವರು ರೂಪಿಸಿದ ಬಾಗಿಲುಗಳನ್ನು ಮೊದಲು ಹಾಕಿದ್ದು 1903ರಲ್ಲಿ ಖಡಕವಾಸ್ಲಾ ಅಣೆಕಟ್ಟಿನಲ್ಲಿ. ಊರಿನ ಪಕ್ಕದಲ್ಲೇ ಇದೆ. ಮುಂದಿನ ವರ್ಷ ನಾಲ್ಕು ಭಾಷಣದ ಬದಲು ಇಪ್ಪತ್ತು ಜನರನ್ನು ಅಲ್ಲಿಗೆ ಕರೆದುಕೊಂಡು ಹೋಗಿ. ಅಣೆಕಟ್ಟಿನ ಒಳಗೆ ಹೋಗಲು ಅನುಮತಿ ಸಿಕ್ಕರೆ ಒಳ್ಳೆಯದು. ಸಿಗದಿದ್ದರೆ ನೀರಿನ ದಂಡೆಯಲ್ಲಿ ಕೂತರೂ ಸರಿ. ನಿವೃತ್ತ ಸಿವಿಲ್ ಇಂಜಿನಿಯರೊಬ್ಬರು ಕಾಗದದ ಮೇಲೆ ಚಿತ್ರ ಬರೆದು, ಅಣೆಕಟ್ಟಿನ ಎತ್ತರ ಏರಿಸದೆ ಜಾಸ್ತಿ ನೀರು ಹೇಗೆ ನಿಲ್ಲಿಸಿದರು ಅಂತ ವಿವರಿಸಲಿ.

ಈಗ ನಿಮ್ಮ ಅರ್ಜಿ ಫಾರ್ಮಿನ ಮಾತು. ಇದನ್ನು ಸ್ವಲ್ಪ ಖಾರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಅರ್ಹತೆಯ ಜಾಗದಲ್ಲಿ ಇಂಜಿನಿಯರಿಂಗ್ ಪದವಿ ಮತ್ತು ಐದು ವರ್ಷದ ಅನುಭವ ಅಂತ ಇದೆ. ಸಂಘ ಅತಿ ಹೆಚ್ಚು ಬೇಕಾಗುವುದು ಯಾವಾಗ? ಆ ಮೊದಲ ಐದು ವರ್ಷದಲ್ಲೇ. ಆಗ ಬಾಗಿಲು ಹಾಕಿ, ಆರನೇ ವರ್ಷ ಅವನು ತನ್ನ ದಾರಿ ತಾನು ಹುಡುಕಿಕೊಂಡ ಮೇಲೆ ಬಾ ಅಂದರೆ ಯಾಕೆ ಬರುತ್ತಾನೆ? ಡಿಪ್ಲೊಮಾ ಮಾಡಿದವರಿಗೂ ನಿಮ್ಮಲ್ಲಿ ಜಾಗವಿಲ್ಲ. ಬೆಳಗಾವಿ, ಹುಬ್ಬಳ್ಳಿ, ವಿಜಯಪುರದಿಂದ ಡಿಪ್ಲೊಮಾ ಮುಗಿಸಿ 20ನೇ ವಯಸ್ಸಿಗೆ ಚಾಕಣಕ್ಕೆ ಬರುವವರು ಎಷ್ಟು ಜನ ಅಂತ ನಿಮಗೆ ನನಗಿಂತ ಚೆನ್ನಾಗಿ ಗೊತ್ತು. ಈ ಎರಡು ಸಾಲು ತೆಗೆಯಿರಿ.

ಶುಲ್ಕದ್ದೂ ಅದೇ ಕಥೆ. ನಿಮ್ಮಲ್ಲಿ ಇರುವುದು ಒಂದೇ ಬಗೆ, 7,500 ರೂಪಾಯಿಯ ಆಜೀವ ಸದಸ್ಯತ್ವ. 1986ರಲ್ಲಿ ಪುಣೆಗೆ ಬಂದವರು ಇಲ್ಲೇ ನಿವೃತ್ತರಾಗುತ್ತೇವೆ ಅಂದುಕೊಂಡಿದ್ದರು. ಈಗ ಹಿಂಜವಡಿಯಲ್ಲಿ ಕೂತವಳಿಗೆ ಮುಂದಿನ ದೀಪಾವಳಿಗೆ ಬೆಂಗಳೂರೋ, ಹೈದರಾಬಾದೋ, ಜರ್ಮನಿಯೋ ಗೊತ್ತಿಲ್ಲ. ಅವಳಿಗೆ ಆಜೀವ ಅನ್ನುವ ಪದವೇ ಭಾರ. ವರ್ಷಕ್ಕೆ 300 ರೂಪಾಯಿ ಇಡಿ. ಕ್ಯೂಆರ್ ಕೋಡ್‌ನಲ್ಲಿ ಕಟ್ಟಲಿ. ಪೂರ್ತಿ ಉಚಿತ ಬೇಡ ಅಂತ ನನ್ನ ಅಭಿಪ್ರಾಯ. ದುಡ್ಡಿನ ಆಸೆಗೆ ಅಲ್ಲ, ನಿಮ್ಮ ಸಂಘ ಠೇವಣಿಯ ಬಡ್ಡಿಯಲ್ಲೇ ನಡೆಯುತ್ತಿದೆ. ಚಂದಾ ಕಟ್ಟಿದವರಿಗೆ ಮತದ ಹಕ್ಕು ಇರಬೇಕು, ಅದಕ್ಕೆ. ಸಂಘಗಳ ನೋಂದಣಿಯ 1860ರ ಕಾಯ್ದೆಯ ಪ್ರಕಾರ ಮೂರು ತಿಂಗಳಿಗಿಂತ ಜಾಸ್ತಿ ಚಂದಾ ಬಾಕಿ ಇಟ್ಟವರಿಗೆ ಮತ ಇಲ್ಲ. ಹಾಗಾಗಿ ಗಡುವು ಬರುವ ಮೊದಲು ಒಂದು ಮೆಸೇಜ್ ಹೋಗುವ ವ್ಯವಸ್ಥೆ ಮಾಡಿ. ಇಲ್ಲದಿದ್ದರೆ ಮರೆವಿನಿಂದಲೇ ಯುವಕರ ಮತ ಹೋಗಿಬಿಡುತ್ತದೆ, ಆಜೀವ ಸದಸ್ಯರದ್ದು ಮಾತ್ರ ಉಳಿಯುತ್ತದೆ.

ಈಗ ಯುವ ಘಟಕ ಯಾಕೆ ನಿಂತಿತು ಅನ್ನುವುದು. ಇದರಲ್ಲಿ ನನಗೂ ಒಂದು ಹಳೆಯ ನೋವಿದೆ. ಸುಮಾರು ಹತ್ತು ವರ್ಷದ ಹಿಂದೆ ಮುಂಬೈಯ ಒಂದು ವೃತ್ತಿ ಸಂಘಕ್ಕೆ ಯುವ ಘಟಕ ಮಾಡಿ ಅಂತ ಸಲಹೆ ಕೊಟ್ಟವನು ನಾನೇ. ಉದ್ಘಾಟನೆ ಜೋರಾಗಿ ಆಯಿತು. ಹನ್ನೆರಡು ಜನ ಸೇರಿದರು. ಆದರೆ ಅವರ ಕೈಗೆ ದುಡ್ಡು ಕೊಡಿ ಅಂತ ನಾನು ಬರೆದಿರಲಿಲ್ಲ. ಒಂದು ವರ್ಷದೊಳಗೆ ಅವರಿಗೆ ಸಿಕ್ಕ ಕೆಲಸ ಅಂದರೆ ಕುರ್ಚಿ ಹಾಕುವುದು, ಫೋಟೋ ತೆಗೆಯುವುದು, ಊಟದ ಕೂಪನ್ ಹಂಚುವುದು. ಬಿಟ್ಟುಹೋಗುವ ದಿನ ಒಬ್ಬ ಹುಡುಗಿ ನನ್ನ ಹತ್ತಿರ ಬಂದು, "ಸರ್, ನಾವು ಏನು ಕೇಳಿದರೂ ನೋಡೋಣ ಅಂತಾರೆ. ಒಂದು ಸಲ ಬೇಡ ಅಂದಿದ್ದರೂ ಪರವಾಗಿರಲಿಲ್ಲ" ಅಂದಳು. ಆ ಹನ್ನೆರಡು ಜನರಲ್ಲಿ ಒಬ್ಬರೂ ಆಮೇಲೆ ಯಾವ ಸಂಘಕ್ಕೂ ಹೋಗಲಿಲ್ಲ. ಅಂದಿನಿಂದ ನಾನು ದುಡ್ಡಿನ ಮಾತಿಲ್ಲದೆ ಯುವಕರ ಮಾತು ಆಡುವುದಿಲ್ಲ.

ಹಾಗಾಗಿ ನಿಮಗೆ ನೇರವಾಗಿ ಹೇಳುತ್ತೇನೆ. ವರ್ಷದ ಖರ್ಚಿನಲ್ಲಿ ಐದರಲ್ಲಿ ಒಂದು ಪಾಲನ್ನು 35ರ ಒಳಗಿನವರ ಉಪಸಮಿತಿಗೆ ಬಿಡಿ. ಯಾವುದಕ್ಕೆ ಖರ್ಚು ಅಂತ ಅವರೇ ನಿರ್ಧರಿಸಲಿ. ಮೊದಲೇ ಒಪ್ಪಿಗೆ ಬೇಡ. ಬಿಲ್ಲುಗಳನ್ನು ಹದಿನೈದು ದಿನದಲ್ಲಿ ಖಜಾಂಚಿಗೆ ಕೊಟ್ಟರೆ ಸಾಕು. ಒಂದು ಕಾರ್ಯಕ್ರಮಕ್ಕೆ ಆರೇ ಜನ ಬಂದರು ಅಂತಿಟ್ಟುಕೊಳ್ಳಿ. ಆ ಮಾತನ್ನು ಸಮಿತಿಯಲ್ಲಿ ಎತ್ತಬೇಡಿ. 1986ರಲ್ಲಿ ನಿಮ್ಮ ಎಷ್ಟು ಸಭೆಗಳಿಗೆ ಆರು ಜನ ಬಂದಿರಬಹುದು, ನಡಾವಳಿ ಪುಸ್ತಕದಲ್ಲೇ ಇರುತ್ತದೆ.

ಕಾರ್ಯಕಾರಿ ಸಮಿತಿಯಲ್ಲೂ ಜಾಗ ಬೇಕು. ಒಂದು ಸೀಟು ಸಾಲದು. ಹತ್ತು ಜನ ಹಿರಿಯರ ನಡುವೆ ಒಬ್ಬರೇ ಕೂತರೆ ಬಾಯಿ ತೆರೆಯುವುದು ಕಷ್ಟ. ಹನ್ನೊಂದರಲ್ಲಿ ಮೂರಾದರೂ ಇರಲಿ. ಕಾಗದದ ಕೆಲಸಕ್ಕೆ ಹೆದರಿ ಎಷ್ಟೋ ಸಂಘಗಳು ಸಮಿತಿಯನ್ನು ಬದಲಾಯಿಸುವುದೇ ಇಲ್ಲ, ನನಗೆ ಗೊತ್ತು. ಮಹಾರಾಷ್ಟ್ರದಲ್ಲಿ ಸಮಿತಿ ಬದಲಾದರೆ 90 ದಿನದೊಳಗೆ ಚ್ಯಾರಿಟಿ ಕಮಿಷನರ್ ಕಚೇರಿಗೆ ಚೇಂಜ್ ರಿಪೋರ್ಟ್ ಕೊಡಬೇಕು. ಅದು ಸ್ವಲ್ಪ ಓಡಾಟವೇ. ಆದರೆ ಉಪಸಮಿತಿಗೆ ಅದು ಬೇಕಿಲ್ಲ. ಹಾಗಾಗಿ ಈ ವರ್ಷವೇ ಉಪಸಮಿತಿ ಮತ್ತು ಬಜೆಟ್ ಶುರು ಮಾಡಿ, ಸೀಟುಗಳನ್ನು ಮುಂದಿನ ಚುನಾವಣೆಗೆ ಇಡಿ. ಸಂಘದ ಉದ್ದೇಶಗಳನ್ನೇ ತಿದ್ದಬೇಕಾದರೆ ಒಂದು ತಿಂಗಳ ಅಂತರದಲ್ಲಿ ಎರಡು ವಿಶೇಷ ಸಭೆ, ಎರಡರಲ್ಲೂ ಐದರಲ್ಲಿ ಮೂರು ಪಾಲು ಮತ ಬೇಕು. ನಾನು ಹೇಳಿದ ಯಾವುದಕ್ಕೂ ನೀವು ಉದ್ದೇಶ ತಿದ್ದಬೇಕಿಲ್ಲ. ಅರ್ಹತೆ, ಶುಲ್ಕಗಳ ಬದಲಾವಣೆಗೆ ನಿಮ್ಮ ನಿಯಮಾವಳಿಯಲ್ಲೇ ದಾರಿ ಇದೆ, ಮಹಾಸಭೆಯಲ್ಲಿ ಮುಗಿಯುತ್ತದೆ.

ಬೇರೆಯವರು ಹೇಗೆ ಮಾಡುತ್ತಾರೆ ಅನ್ನುವುದರಲ್ಲಿ ಎರಡು ನನಗೆ ಇಷ್ಟ. ಒಂದು, ಸಭೆಯಲ್ಲಿ ಮಾತಾಡುವುದನ್ನು ಕಲಿಸುವ ಟೋಸ್ಟ್‌ಮಾಸ್ಟರ್ಸ್. 1924ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಶುರುವಾದದ್ದು, ಪುಣೆಯ ಐಟಿ ಕಂಪನಿಗಳಲ್ಲೂ ಅವರ ಕ್ಲಬ್‌ಗಳಿವೆ. ಅಲ್ಲಿನ ಸಭೆಯಲ್ಲಿ ಬಹಳ ಜನರಿಗೆ ಏನಾದರೂ ಸಣ್ಣ ಕೆಲಸ ಇರುತ್ತದೆ. ಒಬ್ಬರು ಗಡಿಯಾರ ನೋಡುತ್ತಾರೆ. ಒಬ್ಬರು ಮಾತಿನ ನಡುವಿನ ಆ, ಊಗಳನ್ನು ಎಣಿಸುತ್ತಾರೆ. ಹೊಸಬರಿಗೂ ಬೇಗ ಒಂದು ಕೆಲಸ ಸಿಗುತ್ತದೆ. ಹಾಗಾಗಿ ಮುಂದಿನ ವಾರ ಅವರಿಗಾಗಿ ಒಂದು ಜಾಗ ಕಾಯುತ್ತಿರುತ್ತದೆ. ಇನ್ನೊಂದು, ಎಲೆಕ್ಟ್ರಿಕಲ್, ಎಲೆಕ್ಟ್ರಾನಿಕ್ಸ್ ಇಂಜಿನಿಯರುಗಳ ಅಂತರರಾಷ್ಟ್ರೀಯ ಸಂಘ ಐಇಇಇ. ಅವರು ಯುವ ವೃತ್ತಿಪರರು ಅಂದರೆ ಯಾರು ಅನ್ನುವುದನ್ನು ಹುಟ್ಟಿದ ವರ್ಷದಿಂದ ಲೆಕ್ಕ ಹಾಕುವುದಿಲ್ಲ. ಮೊದಲ ಪದವಿ ಮುಗಿಸಿ 15 ವರ್ಷದೊಳಗಿನವರು ಅಂತ ಲೆಕ್ಕ. ಕಾಲೇಜಿನಲ್ಲಿ ಇರುವಾಗಲೇ ವಿದ್ಯಾರ್ಥಿ ಸದಸ್ಯರಾಗಿ ಸೇರಿಸಿಕೊಳ್ಳುತ್ತಾರೆ.

ಇದರಿಂದ ನಿಮಗೆ ಒಂದು ಉಪಾಯ. ಹುಬ್ಬಳ್ಳಿಯ ಬಿವಿಬಿ ಇಂಜಿನಿಯರಿಂಗ್ ಕಾಲೇಜು 1947ರಲ್ಲಿ ಶುರುವಾದದ್ದು, ಈಗ ಅದು ಕೆಎಲ್‌ಇ ತಾಂತ್ರಿಕ ವಿಶ್ವವಿದ್ಯಾಲಯ. ನಿಮ್ಮಲ್ಲೂ ಅಲ್ಲಿಯವರು, ಬೆಳಗಾವಿ, ಬಾಗಲಕೋಟೆಯವರು ಇರುತ್ತಾರೆ. ಅವರ ಮೂಲಕ ತಮ್ಮ ತಮ್ಮ ಕಾಲೇಜಿನ ಪ್ಲೇಸ್‌ಮೆಂಟ್ ವಿಭಾಗಕ್ಕೆ ಮಾತಾಡಿಸಿ. ಪುಣೆಯಲ್ಲಿ ಕೆಲಸ ಸಿಕ್ಕ ಹುಡುಗ ಹುಡುಗಿಯರು ರಾತ್ರಿ ಬಸ್ ಹತ್ತುವ ಮೊದಲೇ ಸಂಘದಿಂದ ಒಂದು ಫೋನ್ ಹೋಗಲಿ. ಯಾವ ಕಂಪನಿ, ಎಲ್ಲಿ ಇಳಿಯುತ್ತೀ, ರೂಮಿಗೆ ಡೆಪಾಸಿಟ್ ಎಷ್ಟು ಕೊಡಬೇಕಾಗುತ್ತದೆ, ಬಾಡಿಗೆದಾರರ ಪೊಲೀಸ್ ವೆರಿಫಿಕೇಶನ್ ಹೇಗೆ, ಆಫರ್ ಲೆಟರಿನಲ್ಲಿ ಏನೇನು ನೋಡಿ ಸಹಿ ಹಾಕಬೇಕು. ಈ ಫೋನ್ ಮಾಡುವವರು ಅದೇ ದಾರಿಯಲ್ಲಿ ಎರಡು ವರ್ಷದ ಹಿಂದೆ ಬಂದವರಾಗಿರಲಿ. ನನಗೆ ಕೇಳಿದರೆ ನಿಮ್ಮ ಇಡೀ ವರ್ಷದ ಕೆಲಸದಲ್ಲಿ ಇದಕ್ಕಿಂತ ದೊಡ್ಡದು ಇಲ್ಲ. ಹೊಸ ಊರಿನ ಮೊದಲ ವಾರ ಕೈ ಹಿಡಿದವರನ್ನು ಯಾರೂ ಮರೆಯುವುದಿಲ್ಲ. ನೀವೂ ಮರೆತಿಲ್ಲ.

ಜಾಗ, ಹೊತ್ತು. ನಿಮ್ಮ ಸಭೆ ಶುಕ್ರವಾರ ಸಂಜೆ ಆರಕ್ಕೆ, ಚಿಂಚವಾಡದಲ್ಲಿ. ಖರಾಡಿಯಿಂದ ಹೊರಟವರು ಆ ಹೊತ್ತಿಗೆ ಟ್ರಾಫಿಕ್‌ನಲ್ಲೇ ಇರುತ್ತಾರೆ. ಈಗ ಮೆಟ್ರೊ ಒಂದು ಕಡೆ ಪಿಂಪ್ರಿಯಿಂದ ಸ್ವಾರಗೇಟ್‌ವರೆಗೆ, ಇನ್ನೊಂದು ಕಡೆ ವನಾಜ್‌ನಿಂದ ರಾಮವಾಡಿವರೆಗೆ ಇದೆ. ಎರಡೂ ಸೇರುವುದು ಡಿಸ್ಟ್ರಿಕ್ಟ್ ಕೋರ್ಟ್ (ಮೊದಲ ಹೆಸರು ಸಿವಿಲ್ ಕೋರ್ಟ್) ನಿಲ್ದಾಣದಲ್ಲಿ. ಅದರ ಹತ್ತಿರ ಒಂದು ಕೋಣೆ ಹುಡುಕಿ, ಶನಿವಾರ ಬೆಳಗ್ಗೆ ಹತ್ತಕ್ಕೆ ಇಡಿ, ಹನ್ನೊಂದೂವರೆಗೆ ಮುಗಿಸಿ. ನಾನು ಮೇಲೆ ಸಂಜೆ ಅಂದೆ. ಯಾವುದು ಸರಿ ಅಂತ ಬರುವವರನ್ನೇ ಕೇಳಿ.

ಹೆಣ್ಣುಮಕ್ಕಳ ಬಗ್ಗೆ ನಿಮ್ಮ ಪತ್ರದಲ್ಲಿ ಬೇರೆಯಾಗಿ ಏನೂ ಇಲ್ಲ. ಪಟ್ಟಿಯಲ್ಲಿ ಮಾತ್ರ ಇದೆ. ಸಮಿತಿಯಲ್ಲಿರುವ ಒಬ್ಬರೇ ಮಹಿಳೆಯ ಹೆಸರಿನ ಮುಂದೆ ಪ್ರತಿ ಸಲ ನಿರೂಪಣೆ, ಪ್ರಾರ್ಥನೆ, ಅತಿಥಿಗಳಿಗೆ ಹೂಗುಚ್ಛ ಅಂತಿದೆ. ಅವರೂ ಇಂಜಿನಿಯರ್. ಅವರಿಗೆ ಮೊದಲ ಮುರಿದ ಶಾಫ್ಟಿನ ಸಭೆ ನಡೆಸಲು ಕೊಡಿ. ಹಿರಿಯರನ್ನು ಮಾರ್ಗದರ್ಶಿಗಳಾಗಿ ಒಬ್ಬೊಬ್ಬರ ಜೊತೆ ಸೇರಿಸುವುದಾದರೆ ಭೇಟಿ ಹೋಟೆಲಿನಲ್ಲೋ ಕಚೇರಿಯಲ್ಲೋ, ಜನರಿರುವ ಕಡೆ ಆಗಲಿ. ಏನಾದರೂ ಸರಿಯಿಲ್ಲ ಅನಿಸಿದರೆ ಯಾರಿಗೆ ಹೇಳಬೇಕು ಅನ್ನುವುದು ಮೊದಲ ದಿನವೇ ಎಲ್ಲರಿಗೂ ಗೊತ್ತಿರಲಿ. ಮಾರ್ಗದರ್ಶನಕ್ಕೂ ಒಂದು ಕೊನೆ ಇರಲಿ, ಆರು ತಿಂಗಳಲ್ಲಿ ಆರು ಭೇಟಿ. ಕೊನೆ ಇಲ್ಲದ ನಂಟಿಗೆ ಇಬ್ಬರೂ ಹಿಂಜರಿಯುತ್ತಾರೆ.

ಭಾಷೆಯದ್ದು ಸೂಕ್ಷ್ಮ. ನಿಮ್ಮದೇ ಸದಸ್ಯರ ಮಕ್ಕಳು ಇಲ್ಲೇ ಹುಟ್ಟಿದವರು. ಮನೆಯಲ್ಲಿ ಕನ್ನಡ, ಬೀದಿಯಲ್ಲಿ ಮರಾಠಿ, ಆಫೀಸಿನಲ್ಲಿ ಇಂಗ್ಲಿಷ್. ಕನ್ನಡ ಮಾತಾಡುತ್ತಾರೆ, ಓದಲು ಬರುವುದಿಲ್ಲ. ನಿಮ್ಮ ಆಮಂತ್ರಣ ಅವರಿಗೆ ಚಿತ್ರದ ಹಾಗೆ ಕಾಣುತ್ತದೆ. ಅದನ್ನೇ ಕನ್ನಡದಲ್ಲಿ ಮಾತಾಡಿ ವಾಯ್ಸ್ ಮೆಸೇಜ್ ಕಳಿಸಿ. ಸಭೆಯಲ್ಲಿ ಅವರು ತಪ್ಪು ಕನ್ನಡ ಆಡಿದರೆ ತಿದ್ದಬೇಡಿ, ಆಡಲಿ. ಕನ್ನಡ ಉಳಿಸುವ ಆಸೆ ನಿಮಗಿದೆ, ನನಗೂ ಇದೆ. ಅವರು ಬಾಯಿ ಮುಚ್ಚಿಕೊಂಡರೆ ಅದು ಉಳಿಯುವುದಿಲ್ಲ.

ವಾಟ್ಸಾಪ್ ಗ್ರೂಪಿನ ಬಗ್ಗೆಯೂ ಒಂದು ಮಾತು. ಸಂಘದ ಸೂಚನೆಗೆ ಮಾತ್ರ ಒಂದು ಗ್ರೂಪು, ಶುಭೋದಯಕ್ಕೆ ಬೇರೆ ಗ್ರೂಪು. ಯಾರದ್ದೇ ರೆಸ್ಯೂಮೆ, ಫೋನ್ ನಂಬರು ಕೇಳದೆ ಹಾಕಬಾರದು. ಇಷ್ಟು ಸಾಕು.

ಕೊನೆಗೆ, ಮೂರು ತಿಂಗಳು ಸದಸ್ಯರ ಸಂಖ್ಯೆ ಎಣಿಸಬೇಡಿ. ಎರಡನೇ ಸಲ ಬಂದವರನ್ನು ಎಣಿಸಿ. ಮೊದಲ ಸಲ ಯಾರಾದರೂ ಕರೆದರು ಅಂತ ಬರುತ್ತಾರೆ. ಎರಡನೇ ಸಲ ತಮಗೆ ಬೇಕು ಅಂತ ಬರುತ್ತಾರೆ. ಮೂರನೇ ಸಭೆ ಮುಗಿದ ಮೇಲೆ ಆ ಹೆಸರುಗಳ ಪಟ್ಟಿ ಇಟ್ಟುಕೊಂಡು ನನಗೆ ಮತ್ತೆ ಬರೆಯಿರಿ. ಅವರಲ್ಲಿ ಯಾರಿಗೆ ಉಪಸಮಿತಿಯ ಚೆಕ್ ಬುಕ್ ಕೊಡಬೇಕು ಅನ್ನುವುದನ್ನು ಆಗ ಕೂತು ಮಾತಾಡೋಣ. ಆ ಪತ್ರದ ಜೊತೆ 1986ರ ಆ ಮೊದಲ ಪುಟದ ಒಂದು ಫೋಟೋ ಕೂಡ ಕಳಿಸಿ, ವಯಸ್ಸು ಬರೆದ ಮೇಲೆ. ನನಗೂ ನೋಡಬೇಕು ಅನಿಸಿದೆ.